ಅಡಕತ್ತರಿಯ ಚುಕ್ಕಿ

ನಮ್ಮೂರಲ್ಲಿ ಮನೆಗೊಂದು ವಸ್ತುವನ್ನು ಮ್ಯೂಸಿಯಂಗೆ ಕೊಡಲೇಬೇಕು. ಬಾಗಿಲಲ್ಲೇ ಒಂದು ಕಪ್ಪು ಗೋಡೆ, ಅದರ ಮೇಲೆ ಪ್ರತಿ ವಸ್ತುವಿಗೂ ಒಂದು ಬೆಳಕಿನ ಚುಕ್ಕಿ. ಒಳಗೆ ಹೋದ ಜನ ಯಾವುದನ್ನು ಹೆಚ್ಚು ಹೊತ್ತು ನೋಡುತ್ತಾರೋ ಅದರ ಚುಕ್ಕಿ ದೊಡ್ಡದಾಗುತ್ತದೆ.

ನಾನು ಕೊಟ್ಟದ್ದು ಅವ್ವ ಹೊಲಿದ ಕೌದಿ. ಅದರ ಚುಕ್ಕಿ ಇನ್ನೂ ಸಾಸಿವೆಯಷ್ಟೇ ಇದೆ. ಮೈದುನನ ಹೆಂಡತಿ ನೀಲಗಂಗಾ ಕೊಟ್ಟದ್ದು ತುಕ್ಕು ಹಿಡಿದ ಅಡಕತ್ತರಿ. ಅದರ ಚುಕ್ಕಿ ಹೋಳಿಗೆಯಷ್ಟಾಗಿದೆ. ಯಾರ ಮನೆಯ ಸೀಮಂತಕ್ಕೆ ಹೋದರೂ ಅವಳದು ಅದೇ ಮಾತು.

ಅಂಥದ್ದೇನಿದೆ ಅದರಲ್ಲಿ ಎಂದು ಪೇಟೆಗೆ ಬಂದಾಗಲೆಲ್ಲ ಒಳಗೆ ಹೋಗಿ ಅದರ ಮುಂದೆ ನಿಲ್ಲುತ್ತೇನೆ. ಎಷ್ಟು ನೋಡಿದರೂ ತುಕ್ಕು ಬಿಟ್ಟು ಬೇರೇನೂ ಕಾಣುವುದಿಲ್ಲ.

ಇವತ್ತು ತಡೆಯಲಾರದೆ ಬಾಗಿಲು ಕಾಯುವ ಫಕೀರಪ್ಪನನ್ನು ಕೇಳಿದೆ. "ಆ ಅಡಕತ್ತರೀನ ಅಷ್ಟೊತ್ತು ಯಾರು ನೋಡ್ತಾರೋ ತಮ್ಮಾ?"

ಅವನು ಗೋಡೆಯ ಮೇಲಿನ ಚುಕ್ಕಿಯನ್ನು ಬೆರಳಿಂದ ಒತ್ತಿದ. ನೋಡಿದವರ ಮುಖಗಳೆಲ್ಲ ಅಲ್ಲಿ ಮೂಡಬೇಕು. ಒಂದೇ ಮುಖ ಮೂಡಿತು, ನನ್ನದು.

ನನ್ನ ಕಿವಿ ಬಿಸಿಯಾಯಿತು. "ನೀಲಗಂಗಾ ಬಂದ್ರ ಮಾತ್ರ ಇದನ್ನ ಒತ್ತಿ ತೋರಿಸಬ್ಯಾಡ," ಎಂದೆ.

"ಅವರಿಗೆ ನಾ ಏನ್ ತೋರಿಸ್ಲಿ ಅಕ್ಕಾರ," ಎಂದ ಫಕೀರಪ್ಪ. "ದಿನಾ ಬಂದು ತಾವೇ ಒತ್ತಿ ನೋಡಿ, ನಕ್ಕೋತ ಹೋಗ್ತಾರ."