ಹರಿಯದ ಹಾಳೆ

ರದ್ದಿ ಕಟ್ಟು ಬಿಚ್ಚುತ್ತಿದ್ದಂತೆ ಬಸ್‌ಸ್ಟ್ಯಾಂಡಿನ ಬೋಂಡದಂಗಡಿ ಮುತ್ತಮ್ಮನ ಕೈ ನಿಂತಿತು. ಓದು ಬಾರದಿದ್ದರೂ ಚಿತ್ರ ತಿಳಿಯಿತು: ಫ್ಯಾಕ್ಟರಿ ಪಕ್ಕದ ಬೋರ್‌ವೆಲ್ಲು, ಕೆಂಪು ನೀರು, ಅವಳದೇ ಸೊಟ್ಟ ಬಿಂದಿಗೆ.

“ಇವತ್ತಿನ ಪೇಪರ್ರೇ ಕಣಕ್ಕ,” ಎಂದಳು ಎದುರಿಗಿದ್ದ ವರದಿಗಾರ್ತಿ ವನಿತಾ. “ನಾನ್ ಬರ್ದಿದ್ನ ಯಾರೂ ಓದ್ಬಾರ್ದು ಅಂತ ಫ್ಯಾಕ್ಟ್ರಿಯೋರು ನಂಜನಗೂಡಿಗೆ ಬಂದ ಅಷ್ಟನ್ನೂ ಬೆಳಿಗ್ಗೇನೇ ಕೊಂಡು ರದ್ದಿಗೆ ಹಾಕವ್ರೆ.”

ಆ ನೀರಿಗೆ ಮೊಮ್ಮಗಳ ಮೈತುಂಬ ಎದ್ದ ಗುಳ್ಳೆಗಳು ಮುತ್ತಮ್ಮನಿಗೆ ನೆನಪಾದವು. ದಿನವೂ ಹಾಳೆಯನ್ನು ನಾಲ್ಕಾಗಿ ಹರಿದು ಬೋಂಡ ಕಟ್ಟುತ್ತಿದ್ದವಳು ಇಂದು ಹರಿಯಲಿಲ್ಲ. ಚಿತ್ರ ಮೇಲೆ ಬರುವಂತೆ ಇಡೀ ಹಾಳೆಯಲ್ಲಿ ಸುತ್ತಿ, ನರಸೀಪುರ ಬಸ್ಸಿನ ಕಂಡಕ್ಟರನ ಕೈಗಿಟ್ಟಳು.

“ಎಲ್ಡು ಬೋಂಡಕ್ಕೆ ಇಷ್ಟ್ ದೊಡ್ ಪೇಪರ್ ಯಾಕವ್ವ?”

“ಮೊದ್ಲು ಬಸ್ಸಲ್ಲಿ ಎಲ್ರಿಗೂ ಕೇಳಂಗೆ ಗಟ್ಟಿಯಾಗಿ ಓದು. ಬೋಂಡ ಆಮೇಕೆ ತಿನ್ನು.”