ಮೀನು ಮನೆ ನೋಡಲು ಬಂತು

ಮೀನುಗಳು ಮಾತು ಕಲಿತ ಮೇಲೆ, ಅವು ಒಪ್ಪದೆ ಯಾರೂ ಸಾಕುವಂತಿರಲಿಲ್ಲ. ಮಂಗಳೂರಿನಲ್ಲಿ ಒಂಟಿಯಾಗಿದ್ದ ಲವೀನಾ ಟೀಚರ್ ಆರು ತಿಂಗಳು ಕಷ್ಟಪಟ್ಟು ಹವಳ ಬೆಳೆಸಿದ ಉಪ್ಪುನೀರಿನ ಗಾಜಿನ ತೊಟ್ಟಿ ಸಜ್ಜುಮಾಡಿದ್ದರು. ಬಂದ ಮೀನುಗಳೆಲ್ಲ ಮೂಗು ಮುರಿದು ಹೋಗಿದ್ದವು. ಇವತ್ತು ಬಂದ ಕಿತ್ತಳೆ ಪಟ್ಟೆಯ ಹೆಣ್ಣುಮೀನು ಜಾಡಿಯೊಳಗಿಂದಲೇ ವಿಚಾರಣೆ ಶುರುಮಾಡಿತು.

"ಪಂಪು ಗಲಾಟೆ ಮಾಡ್ತದಾ?"

"ಇಲ್ಲ ಮಾರಾಯ್ತಿ, ಹೊಸತು."

"ಕರೆಂಟು ಹೋದ್ರೆ?"

"ಬ್ಯಾಟರಿ ಉಂಟು."

"ನೀರಿನ ಉಪ್ಪು?"

"ದಿನಾ ಅಳೀತೇನೆ."

ತೃಪ್ತಿಯಿಂದ ಬಾಲ ಆಡಿಸಿದ ಮೀನು ತಟ್ಟನೆ ನಿಂತಿತು. "ಒಲೆ ಮೇಲೆ ಎಂತದು?"

ಲವೀನಾ ಒಲೆಯತ್ತ ತಿರುಗಿ ನೋಡಿದರು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಬಂಗುಡೆ ಮೀನಿನ ಪುಳಿಮುಂಚಿ ಸಾರು."

ಮೀನು ಅತ್ತಿತ್ತ ನೋಡಿ ದನಿ ತಗ್ಗಿಸಿತು. "ಬಂಗುಡೆಗೂ ನಮಗೂ ಅಜ್ಜನ ಕಾಲದ ಜಗಳ, ಟೀಚರ್. ನಂಗೂ ಒಂದು ತುಂಡು ಹಾಕಿ. ಇವತ್ತೇ ಬರ್ತೇನೆ."