ಮೂರನೇ ಪ್ಲಗ್ಗಿನ ವೈರು

ನಲವತ್ತಾದರೂ ಮದುವೆಯಾಗದ ಡ್ರಾಯಿಂಗ್ ಮಾಸ್ತರರು ಪ್ರತಿ ಶನಿವಾರ ಶಾಲೆ ಬಿಟ್ಟೊಡನೆ ಬೇವಿನ ಮರದ ಮರೆಯಲ್ಲಿ ವಾರಕ್ಕೊಮ್ಮೆ ಮಾತ್ರ ಹೊರತೆಗೆಯುವ ತಮ್ಮ ಹಳೆ ಪೆಟ್ರೋಲ್ ಎಸ್‌ಯುವಿ ನಿಲ್ಲಿಸಿ, ಬಾನೆಟ್ ಎತ್ತಿ, ಎಂಜಿನ್ನಿನ ಯಾವುದಾದರೊಂದು ಸ್ಪಾರ್ಕ್ ಪ್ಲಗ್ಗಿನ ವೈರನ್ನು ತುಸು ಸಡಿಲ ಮಾಡುತ್ತಿದ್ದರು. ಆಮೇಲೆ ಗಾಡಿ ಕೆಮ್ಮುತ್ತ, ಕುಂಟುತ್ತ ಊರಿನ ಒಬ್ಬಳೇ ಮೆಕ್ಯಾನಿಕ್ ಹೆಂಗಸಿನ ಗ್ಯಾರೇಜಿನ ಮುಂದೆ ಹೋಗಿ ನಿಲ್ಲುತ್ತಿತ್ತು.

ಅವಳು ಎಂಜಿನ್ ಚಾಲೂ ಇಟ್ಟು, ಒಂದೊಂದೇ ವೈರು ಕಿತ್ತು, ಸದ್ದಿಗೆ ಕಿವಿಗೊಡುತ್ತಿದ್ದಳು. ಯಾವುದನ್ನು ಕಿತ್ತರೆ ಸದ್ದು ಬದಲಾಗುವುದಿಲ್ಲವೋ ದೋಷ ಅಲ್ಲೇ. ಇಷ್ಟು ಸಣ್ಣ ಕೆಲಸ ಮುಗಿಯುವಷ್ಟರಲ್ಲಿ ಇಬ್ಬರದೂ ಎರಡೆರಡು ಸಲ ಚಹಾ ಆಗಿರುತ್ತಿತ್ತು.

ಹೋದ ಶನಿವಾರ ಮಾಸ್ತರರಿಗೆ ತಮ್ಮ ಕಳ್ಳಾಟಕ್ಕೆ ತಮಗೇ ನಾಚಿಕೆಯಾಯಿತು.

“ಇನ್ನ ಮ್ಯಾಲೆ ನಿಮಗ ತ್ರಾಸ ಕೊಡಂಗಿಲ್ರಿ,” ಎಂದುಬಿಟ್ಟರು.

ಅವಳು ಬಾನೆಟ್ಟಿನೊಳಗಿಂದ ತಲೆ ಎತ್ತದೆಯೇ ಹೂಂ ಅಂದಳು.

ಈ ಶನಿವಾರ ಮಾಸ್ತರರು ಬಾನೆಟ್ ಮುಟ್ಟಲೇ ಇಲ್ಲ. ಆದರೆ ಮನೆಯ ದಾರಿಯಲ್ಲಿ ಸೇತುವೆ ದಾಟುತ್ತಿದ್ದಂತೆ ಗಾಡಿ ತಾನಾಗಿಯೇ ಕೆಮ್ಮತೊಡಗಿತು. ಅವರಿಗೆ ಹಿಗ್ಗು ತಡೆಯಲಾಗಲಿಲ್ಲ. ಅಂತೂ ದೇವರು ಕಣ್ಣು ಬಿಟ್ಟಿದ್ದ. ಸಿಳ್ಳೆ ಹಾಕುತ್ತ, ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತ, ಕುಂಟುವ ಗಾಡಿಯನ್ನು ಮೆರವಣಿಗೆಯ ಕುದುರೆಯಂತೆ ಗ್ಯಾರೇಜಿನತ್ತ ತಿರುಗಿಸಿದರು.

“ಮತ್ತ ಎಂಜಿನ್ ಮಿಸ್ಸಿಂಗೇನ್ರಿ ಸರ?” ಅವಳು ಕೈ ಒರೆಸಿಕೊಳ್ಳುತ್ತ ಬಂದಳು.

“ಹೌದ್ರಿ. ಆಣಿ ಮಾಡಿ ಹೇಳ್ತೀನಿ, ಇವತ್ತ ನಾ ಏನೂ ಮುಟ್ಟಿಲ್ರಿ,” ಎಂದವರೇ ಮಾಸ್ತರರು ನಾಲಿಗೆ ಕಚ್ಚಿಕೊಂಡರು.

ಅವಳು ಬಾನೆಟ್ ಕೂಡ ಎತ್ತದೆ ಹೋಗಿ ಚಹಾಕ್ಕೆ ನೀರಿಟ್ಟಳು.

“ಗೊತ್ತೈತ್ರಿ. ಮೂರನೇ ವೈರು. ಹ್ವಾದ ವಾರ ನಾನ ಸಡ್ಲ ಮಾಡಿ ಕಳಿಸಿದ್ನಿ.”